ನಡುಗೆರೆಯ ದೋಣಿ

ಹಳೆಯ ಗಾದಿಯ ಹೊಲಿಗೆ ಅರ್ಧ ಬಿಚ್ಚಿಯಾಗಿತ್ತು. ಮಾಳಿಗೆಯ ಮೇಲೆ ಸವೆದ ಸೀರೆಯೊಂದನ್ನು ಹಾಸಿ, ಗಂಟುಗಟ್ಟಿದ ಅರಳೆಯನ್ನು ಖಾಸಿಂಬಿ ಹಿಡಿಹಿಡಿಯಾಗಿ ಹೊರಗೆಳೆಯುತ್ತಿದ್ದಳು. ಅವಳ ಅತ್ತೆ ಇಮಾಂಬಿ ಗೋಡೆಗೆ ಒರಗಿ, ಕಾಲು ಚಾಚಿ ಕೂತು, ಅದನ್ನು ಬೆರಳಲ್ಲಿ ಹಿಂಜಿ ಹಗುರ ಮಾಡುತ್ತಿದ್ದಳು. ಗಾದಿ ಹೊಲಿಯುವುದು ಆ ಮನೆಯ ತಲೆಮಾರಿನ ಕಸುಬು. ಸ್ಪಂಜಿನ ಹಾಸಿಗೆಗಳು ಬಂದ ಮೇಲೆ ಬೆಟಗೇರಿಯಲ್ಲಿ ಕೇಳುವವರಿಲ್ಲದೆ ಕಸುಬು ನಿಂತಿತು. ಆದರೂ ಮನೆಯ ಗಾದಿಗಳಿಗೆ ಮಾತ್ರ ವರ್ಷಕ್ಕೊಮ್ಮೆ ಈ ಉಪಚಾರ ತಪ್ಪುತ್ತಿರಲಿಲ್ಲ.

"ಮೆಲ್ಲಕ ಎಳಿಯವ್ವಾ. ಅದು ಅರಳಿ ಐತಿ, ನಿನ್ನ ಗಂಡನ ಕಿವಿ ಅಲ್ಲ," ಎಂದಳು ಇಮಾಂಬಿ.

"ನಿಮ್ಮ ಮಗನ ಕಿವಿ ಎಳಿಯಾಕ ಅಂವ ಊರಾಗ ಇರಬೇಕಲ್ಲತ್ತಿ. ತಿಂಗಳಾನುಗಟ್ಟಲೆ ಲಾರಿ ಮ್ಯಾಲೆ ಇರತಾನ."

ಇಮಾಂಬಿ ನಕ್ಕಳು. ಹಿಂಜಿದ ಅರಳೆ ಬಿಸಿಲಿಗೆ ಉಬ್ಬಿ, ಗಾಳಿಗೆ ಒಂದೆರಡು ಎಳೆ ಎದ್ದು, ಪಕ್ಕದ ಮನೆಯ ಮಾಳಿಗೆಯ ಕಡೆ ತೇಲಿಹೋಯಿತು.

"ಅಲ್ಲಬೇ, ಮಲಗಾಕ ಪಗಾರ ಕೊಡೋ ಕೆಲಸ ಜಗತ್ತಿನಾಗ ನಿನಗೊಬ್ಬಾಕಿಗೇ ಸಿಕ್ಕೈತಿ ನೋಡು. ಸೊಸಿ ಏನು ಮಾಡ್ತಾಳ ಅಂತ ಮಂದಿ ಕೇಳಿದ್ರ ಹೇಳಾಕ ನನಗ ನಾಚಿಕಿ."

"ಮಲಗೂದಲ್ಲತ್ತಿ. ಮಲಗಿ ನೋಡೂದು."

"ಕಣ್ಣ ಮುಚ್ಚಿಕೊಂಡು ನೋಡತೀರಿ?"

"ಹೂಂ. ಕಣ್ಣ ಮುಚ್ಚಿಕೊಂಡು."

ಮಾತು ಸುಳ್ಳಲ್ಲ. ಜನಕ್ಕೆ ನಿದ್ದೆ ಹೋಗಿ ಬಹಳ ಕಾಲವಾಗಿತ್ತು. ದೀಪ ಆರದ ಬೀದಿ, ಸುಮ್ಮನಾಗದ ಫೋನು, ಹಗಲು ರಾತ್ರಿ ಬೆರೆತುಹೋದ ಪಾಳಿಗಳು. ಆಗ ಬಂದದ್ದು ಜೋಂಪು ಎಂಬ ದಿಂಬು. ಅದರ ಮೇಲೆ ತಲೆಯಿಟ್ಟರೆ ಒಳಗಿನ ಯಂತ್ರ ಮಿದುಳಿನ ಲಯ ಹಿಡಿದು, ಎಲ್ಲರಿಗೂ ಒಂದೇ ಕನಸನ್ನು ಕೊಡುತ್ತಿತ್ತು. ಹೊಂಗೆಯ ನೆರಳಿನ ಇಳಿಜಾರು ದಾರಿ, ದಾರಿಯ ಕೊನೆಗೆ ಕಲ್ಲಿನ ಮೆಟ್ಟಿಲು, ಮೆಟ್ಟಿಲ ಬುಡದಲ್ಲಿ ಕೆರೆ, ಕೆರೆಯಲ್ಲಿ ದೋಣಿ. ದೋಣಿ ಹತ್ತಿದವರು ನಿಧಾನವಾಗಿ ನೀರು ದಾಟುತ್ತಾರೆ. ಆಚೆ ದಡಕ್ಕೆ ಕಾಲಿಟ್ಟಾಗ ಎಚ್ಚರವಾಗುತ್ತದೆ. ಅಷ್ಟೇ ಕನಸು. ಆದರೆ ಆ ಕೆರೆಯನ್ನು ಬರೆದದ್ದು ಮನುಷ್ಯರ ಕೈ, ಅದೂ ಗಣಕದ ಭಾಷೆಯಲ್ಲಿ. ಮನುಷ್ಯರ ಕೈ ಎಂದ ಮೇಲೆ ತಪ್ಪು ಇದ್ದೇ ಇರುತ್ತದೆ. ಒಮ್ಮೆ ಹೊಂಗೆಯ ನೆರಳು ಸೂರ್ಯನ ಕಡೆಗೇ ಬಿದ್ದಿತ್ತು. ಒಮ್ಮೆ ಕೊಕ್ಕರೆ ಹಾರಿಹೋದ ಮೇಲೂ ಅದರ ಕಾಲು ನೀರಲ್ಲೇ ನಿಂತಿತ್ತು. ಇಂಥವನ್ನು ಕನಸಿನೊಳಗೆ ಹೋಗಿ ಕಂಡುಹಿಡಿದು, ಎದ್ದು ಬರೆಸಿ, ತಿದ್ದಿದ ಮೇಲೆ ಮತ್ತೆ ಮಲಗಿ ನೋಡುವುದು ಖಾಸಿಂಬಿಯ ಕೆಲಸ. ಬಂದ ತಕರಾರುಗಳಲ್ಲಿ ಯಾವುದು ಯಾರ ಬಳಿ ಇದೆ, ಯಾವುದು ತಿದ್ದಿಯಾಯಿತು, ಯಾವುದು ಮುಗಿಯಿತು ಎಂದು ನೋಡಿಕೊಳ್ಳುವ ಜವಾಬ್ದಾರಿಯೂ ಅವಳದೇ.

"ಅದಿರಲಿ," ಎಂದಳು ಇಮಾಂಬಿ, "ಆ ಹೂಗಾರ ಗೌರವ್ವ ನಿಮ್ಮ ಆಫೀಸಿಗೆ ಕಾಗದ ಬರದಿದ್ಲಂತಲ್ಲ. ಉತ್ರ ಕೊಟ್ಟಿರೇನು?"

ಖಾಸಿಂಬಿಯ ಕೈ ಗಾದಿಯ ಹೊಟ್ಟೆಯಲ್ಲೇ ನಿಂತಿತು. "ಯಾಕತ್ತಿ?"

"ಗುರುವಾರ ದರ್ಗಾಕ್ಕ ಹೂವಿನ ಚಾದರ ಕಟ್ಟಿಕೊಡಾಕಿ ಆಕೀನ. ಅವರವ್ವನ ಕಾಲದಿಂದ ತಪ್ಪಿಸಿದವ್ರಲ್ಲ. ಹೋದ ಗುರುವಾರ ಚಾದರ ಬರಲಿಲ್ಲ. ಕೇಳಿದ್ರ ಮಲಗ್ಯಾಳ ಅಂದ್ರು. ಅದರ ಹಿಂದಿನ ವಾರಾನೂ ಮಲಗ್ಯಾಳ. ಮಧ್ಯಾಹ್ನ ಮಲಗಿದಾಕಿ ಮರುದಿನ ಮುಂಜಾನೆ ಏಳ್ತಾಳಂತ. ನಿಮ್ಮ ದಿಂಬಿನ ಮ್ಯಾಲೆ."

ಕಾಗದ ಖಾಸಿಂಬಿಗೆ ನೆನಪಿತ್ತು. ಪರೀಕ್ಷೆಗೆಂದು ಊರಿನ ಕೆಲವು ಮನೆಗಳಿಗೆ ದಿಂಬು ಕೊಟ್ಟಿದ್ದರು. ಉಳಿದವರೆಲ್ಲ ಫೋನಿನಲ್ಲಿ ಅಭಿಪ್ರಾಯ ಒತ್ತಿ ಕಳಿಸಿದರೆ, ಗೌರವ್ವ ಒಬ್ಬಳೇ ಅಂಚೆಯಲ್ಲಿ ಬರೆದಿದ್ದಳು. 'ಜೋಂಪಿನವರಿಗೆ ಗೌರವ್ವ ಹೂಗಾರ ಮಾಡುವ ಶರಣು. ನಿಮ್ಮ ಕೆರಿ ಛಲೋ ಐತಿ. ನೀರು ಛಲೋ ಐತಿ. ಆದರ ದೋಣಿ ಬರೂದಿಲ್ಲ. ಮೆಟ್ಟಿಲ ಮ್ಯಾಲೆ ಕುಂತಲ್ಲೇ ಬೆಳಗಾಗತೈತಿ. ದೋಣಿ ರಿಪೇರಿಗೆ ಹೋಗೈತೇನು? ಹೋಗಿದ್ರ ಎಂದ ಬರತೈತಿ ತಿಳಸ್ರಿ. ಸಂಜಿ ಹೂವು ತಪ್ಪಾಕತ್ತೈತಿ.'

ತಕರಾರು ಕೊಟ್ಟವರಿಗೆ ಅದು ಮುಗಿದ ದಿನ ಉತ್ತರ ಹೋಗಬೇಕು. ಇದು ಆ ಸಂಸ್ಥೆಯ ಪದ್ಧತಿ. ಕಾಗದ ಬಂದ ದಿನವೇ ಖಾಸಿಂಬಿ ಲಕೋಟೆಯ ಮೇಲೆ ಗೌರವ್ವನ ವಿಳಾಸ ಬರೆದು, ಅಂಚೆಚೀಟಿ ಅಂಟಿಸಿ, ಮೇಜಿನ ಮೇಲಿನ ಕಟ್ಟಿಗೆಯ ಗೂಡಿನಲ್ಲಿ ನಿಲ್ಲಿಸಿದ್ದಳು. ಲಕೋಟೆ ಈಗಲೂ ಅಲ್ಲೇ ನಿಂತಿತ್ತು. ಒಳಗೆ ಏನೂ ಇರಲಿಲ್ಲ.

*

ಜೋಂಪಿನ ಪರೀಕ್ಷಾಲಯ ಇದ್ದದ್ದು ಹಳೆಯ ಹತ್ತಿ ಗಿರಣಿಯಲ್ಲಿ. ಅರಳೆ ತುಂಬಿದ ಅಂಡಿಗೆಗಳನ್ನು ಒಟ್ಟುತ್ತಿದ್ದ ದೊಡ್ಡ ಗೋದಾಮು ತಂಪಾಗಿತ್ತು, ಸದ್ದಿಲ್ಲದ್ದಾಗಿತ್ತು. ಅಲ್ಲಿ ಸಾಲಾಗಿ ಮಂಚ ಹಾಕಿದ್ದರು. ಗಿರಣಿ ಮುಚ್ಚಿ ಎಷ್ಟೋ ವರ್ಷವಾದರೂ ತೊಲೆಗಳ ಸಂದಿನಲ್ಲಿ ಅರಳೆಯ ಎಳೆ ಉಳಿದಿತ್ತು. ಫ್ಯಾನು ಹಾಕಿದರೆ ಮಲಗಿದವರ ಮೇಲೆ ಒಂದೊಂದಾಗಿ ಇಳಿಯುತ್ತಿತ್ತು. ಇನ್ನೊಂದು ಉಳಿದದ್ದು ಪಾಳಿಯ ಹೊತ್ತು ಕೂಗಿ ಹೇಳುತ್ತಿದ್ದ ಗಿರಣಿಯ ಭೋಂಗಾ. ಊರಿಗೆ ಅದು ಗಡಿಯಾರವಾಗಿದ್ದರಿಂದ ಯಾರೂ ನಿಲ್ಲಿಸಿರಲಿಲ್ಲ. ಮಧ್ಯಾಹ್ನ ಮೂರಕ್ಕೆ ಅದು ಕೂಗಿದರೆ ಗೋದಾಮಿನಲ್ಲಿ ಮಲಗಿದವರೆಲ್ಲ ಬೆಚ್ಚಿ ಎದ್ದು ಕೂರುತ್ತಿದ್ದರು. ಚಾ ಬರುತ್ತಿತ್ತು. ಕಂಡದ್ದನ್ನು ಬರೆಸುತ್ತಿದ್ದರು.

ಸೋಮವಾರ ಖಾಸಿಂಬಿ ಬಂದವಳೇ ತಕರಾರುಗಳ ಪರದೆ ತೆರೆದಳು. ಗೌರವ್ವನದು ಸಿಕ್ಕಿತು: 'ದೋಣಿ ಬರುವುದಿಲ್ಲ.' ಪಕ್ಕದಲ್ಲಿ 'ಇದೂ ಅದೇ' ಎಂಬ ಗುರುತು. ಒಂದೇ ತಪ್ಪನ್ನು ಇಬ್ಬರು ಹೇಳಿದಾಗ ಎರಡನೆಯದಕ್ಕೆ ಈ ಗುರುತು ಹಾಕಿ ಮುಚ್ಚುವುದು ವಾಡಿಕೆ. ಮೊದಲನೆಯದು ತಿದ್ದಿದಾಗ ಎರಡೂ ಮುಗಿದಂತೆ. ಇದನ್ನು ಮುಚ್ಚಿದವಳು ಖಾಸಿಂಬಿಯೇ. ಯಾವುದರ ಜೋಡಿ ಎಂದು ನೋಡಿದಳು. 'ಎದ್ದ ಮೇಲೂ ಅಂಗಾಲು ಒದ್ದೆಯೆನಿಸುತ್ತದೆ.' ಇದು ಗೋದಾಮಿನವರು ಬರೆಸಿದ್ದು, ದಿನಕ್ಕೊಬ್ಬರಿಗೆ ಹಾಗಾಗುತ್ತಿತ್ತು. ಅದರ ಮೇಲೂ 'ಇದೂ ಅದೇ'. ಯಾವುದರ ಜೋಡಿ? 'ಸಂಜೆ ಹೊತ್ತು ನಡುಗೆರೆಯಲ್ಲಿ ಖಾಲಿ ದೋಣಿ.' ಇದು ನಿಯಂತ್ರಣ ಕೋಣೆಯವರು ಪರದೆಯ ಮೇಲೆ ಕಂಡು ಬರೆದದ್ದು. ಅದರ ಮೇಲೂ 'ಇದೂ ಅದೇ'. ಯಾವುದರ ಜೋಡಿ?

'ದೋಣಿ ಬರುವುದಿಲ್ಲ.' ಗೌರವ್ವನದೇ.

ಅವಳು ಎದ್ದು ನಿಯಂತ್ರಣ ಕೋಣೆಗೆ ಹೋದಳು. ಕೆರೆಯನ್ನು ಬರೆದವನು ಮಲ್ಲೇಶಿ ಗಾಣಿಗೇರ. ಶೇಂಗಾದ ಸಿಪ್ಪೆ ಕೀಬೋರ್ಡಿನ ಮೇಲೆ ಬೀಳದಂತೆ ಒಂದು ಕೈ ಒಡ್ಡಿಕೊಂಡು ತಿನ್ನುತ್ತಿದ್ದ.

"ಮಲ್ಲೇಶಿ, ಈ ಮೂರನ್ನ ನೋಡಿಲ್ಲೆ."

ನೋಡಿದ. ಬಾಯಾಡುವುದು ನಿಂತಿತು. ಆಮೇಲೆ ಜೋರಾಗಿ ನಕ್ಕ. "ಅಕ್ಕಾ, ಇದು ಮೂರು ಮನಿ ಮದುವಿ ಊಟ ಆತು ನೋಡ್ರಿ! ಇವತ್ತು ಊಟ ಅವರ ಮನ್ಯಾಗ ಅಂತ ಇವರು, ಇವರ ಮನ್ಯಾಗ ಅಂತ ಅವರು. ಕಡೀಕ ಒಲಿ ಹಚ್ಚಿದವ್ರು ಯಾರೂ ಇಲ್ಲ."

"ನಗಬ್ಯಾಡೋ. ಒಂದು ನಾ ಮುಚ್ಚೀನಿ, ಒಂದು ನೀ ಮುಚ್ಚೀದಿ, ಇನ್ನೊಂದು ಮತ್ಯಾರೋ."

"ಮೂರೂ ಒಂದ ಅಂತ ಮೂರು ಮಂದಿಗೂ ಅನಿಸೈತಿ ಅಂದ್ರ ಒಂದ ಇರಬೇಕು. ಆದರ ನನ್ನ ಕೆರಿಯೊಳಗ ದೋಣಿ ಬರೋಬ್ಬರಿ ಬರತೈತ್ರಿ. ಬೇಕಾದ್ರ ಈಗ ಮಲಗಿ ನೋಡ್ರಿ."

ಖಾಸಿಂಬಿ ಮಲಗಿದಳು. ಹೊಂಗೆಯ ಹೂವು ಉದುರಿ ದಾರಿಯೆಲ್ಲ ಅಕ್ಕಿ ಚೆಲ್ಲಿದಂತಿತ್ತು. ಮೆಟ್ಟಿಲಿಗೆ ಕಾಲಿಡುವುದೇ ತಡ, ದೋಣಿ ತಾನಾಗಿ ಬಂದು ಕರುವಿನಂತೆ ಕಲ್ಲಿಗೆ ಮೈ ಉಜ್ಜಿತು. ಹತ್ತಿ ಕೂತಳು. ನೀರು ಜರುಗಿತು. ಆಚೆ ದಡದಲ್ಲಿ ಕಾಲಿಟ್ಟು ಎದ್ದಾಗ ಮೈ ಹಗುರವಾಗಿತ್ತು, ಮನಸ್ಸು ಮಾತ್ರ ಭಾರ. ಮತ್ತೊಮ್ಮೆ ತೋರಿಸಲಾಗದ ತಕರಾರನ್ನು ಮತ್ತೆ ತೆರೆಯುವಂತಿರಲಿಲ್ಲ. ಅದೂ ಪದ್ಧತಿಯೇ.

ಪರೀಕ್ಷಾಲಯದ ಮುಖ್ಯಸ್ಥೆ ಶಾರದಾ ಬೆಲ್ಲದ ಕೇಳಿಸಿಕೊಂಡರು. ಕೆಟ್ಟವರಲ್ಲ, ಆದರೆ ಅವರ ತಲೆಯ ಮೇಲೆ ಗುರುವಾರ ಕೂತಿತ್ತು. ಗುರುವಾರ ಬೆಳಿಗ್ಗೆ ಜೋಂಪಿನ ಬಿಡುಗಡೆ.

"ಖಾಸಿಂಬಿ, ಎಲ್ಲಾ ಮನಿಯವರೂ ಹೊಗಳ್ಯಾರ. 'ರಾತ್ರಿ ತಲಿ ಇಟ್ಟರ ಬೆಳಗಿನ ತನಕ ಹೊರಳಲಿಲ್ಲ' ಅಂತ ಎಲ್ಲರೂ ಒಂದ ಮಾತು ಹೇಳ್ಯಾರ. ಒಬ್ಬಾಕಿ ಹಗಲಹೊತ್ತು ಹೆಚ್ಚಿಗಿ ಮಲಗಿದ್ಲು ಅಂದ್ರ ಅದು ದಿಂಬಿನ ತಪ್ಪೋ, ಆಕಿ ದಣಿವೋ? ನನಗ ತೋರಿಸು. ತೋರಿಸಿದ್ರ ನಿಲ್ಲಸ್ತೀನಿ."

ಹೊರಗೆ ಬಂದಾಗ ಮಲ್ಲೇಶಿ ಮೆಲ್ಲಗೆ ಹೇಳಿದ: "ಅಕ್ಕಾ, ಗುರುವಾರದಿಂದ ನಾ ಕೆರಿ ತೊಳಿಯೂದೂ ನಿಲ್ಲತೈತಿ. ಆಮ್ಯಾಲೆ ಊರ ತುಂಬ ಯಾವಾಗಲೂ ಯಾರಾದ್ರೂ ಮಲಗಿರ್ತಾರಲ್ಲ, ಹೆಂಗ ತೊಳೀಲಿ?"

ಕೆರೆ ತೊಳೆಯುವುದೆಂದರೆ, ಅಂಗಳಕ್ಕೆ ನೀರು ಹಾಕಿ ಹೊಸ ರಂಗೋಲಿ ಬಿಟ್ಟಂತೆ, ಹಿಂದಿನ ದಿನದ ಕೆರೆಯನ್ನು ಅಳಿಸಿ ಮೊದಲಿನ ಹಾಗೆ ಇಡುವುದು. ಹಳೆಯ ಗುರುತು ಉಳಿದರೆ ಹೊಸ ತಪ್ಪು ಕಾಣುವುದಿಲ್ಲವೆಂದು ದಿನವೂ ಬೆಳಿಗ್ಗೆ ಎಂಟಕ್ಕೆ ಬಂದ ಕೂಡಲೇ ಅವನು ಮಾಡುತ್ತಿದ್ದ ಮೊದಲ ಕೆಲಸ ಅದು.

*

ಮಂಗಳವಾರ ಸಂಜೆ ಖಾಸಿಂಬಿ ಅತ್ತೆಯನ್ನು ಕರೆದುಕೊಂಡು ಗೌರವ್ವನ ಮನೆಗೆ ಹೋದಳು. ಪಡಸಾಲೆಯ ಒಂದು ಮೂಲೆಯಲ್ಲಿ ಒದ್ದೆ ಗೋಣಿಯಡಿ ಮಲ್ಲಿಗೆ ಮೊಗ್ಗಿನ ರಾಶಿ ಇತ್ತು. ಕಟ್ಟುವವರಿಲ್ಲದೆ ಅರಳಲು ಶುರುವಾಗಿತ್ತು. ಗೌರವ್ವ ಚಾಪೆಯ ಮೇಲೆ ಬಲಮಗ್ಗುಲಾಗಿ ಮಲಗಿದ್ದಳು. ತುಟಿಯ ತುದಿಯಲ್ಲಿ ಸಣ್ಣ ನಗು. ಎಡಗಾಲ ಹೆಬ್ಬೆರಳಿಗೆ ದಾರ ಹಾಗೇ ಸುತ್ತಿಕೊಂಡಿತ್ತು.

ಮಗಳು ನಿಂಗವ್ವನ ಕಣ್ಣು ಕೆಂಪಾಗಿದ್ದವು. "ಕೂಗೇವ್ರಿ, ಅಲುಗಾಡಿಸೇವಿ, ಮುಖಕ್ಕ ನೀರು ಗೊಜ್ಜೇವಿ. 'ಊಂ' ಅಂತಾಳ, ಏಳೂದಿಲ್ಲ. ದಿಂಬು ಎಳದ್ರ ಮೈಯೆಲ್ಲಾ ನಡುಗತೈತಿ. ಅಂಜಿ ಮತ್ತ ತಲಿಕೆಳಗ ಇಟ್ಟೆ."

"ಯಾವಾಗ ಮಲಗ್ತಾರವ್ವ?"

"ನಿಮ್ಮ ಭೋಂಗಾ ಆದ ಮ್ಯಾಲೆ. ಮೊದಲೆಲ್ಲಾ ನಸುಕಿನಾಗ ಎದ್ದು ಹೂವಿನ ಪ್ಯಾಟಿಗೆ ಹೋಗ್ತಿದ್ಲು, ಬಂದು ಕಟ್ಟತಿದ್ಲು. ಭೋಂಗಾ ಆತಂದ್ರ ಒಂದು ತಾಸು ಅಡ್ಡಾಗಿ ಮತ್ತ ಸಂಜಿ ಹೂವಿಗೆ ಕುಂದ್ರಾಕಿ. ಈಗ ಅಡ್ಡಾದ್ರ ಮುಂಜಾನೆ ಎಂಟರ ಸುಮಾರಿಗೆ ಏಳ್ತಾಳ್ರಿ, ಯಾರೋ ಬಂದು ಎಬ್ಬಿಸಿದಂಗ."

ಇಮಾಂಬಿ ಗೌರವ್ವನ ಹಣೆ ಸವರಿ, ಗೋಣಿ ಸರಿಸಿ, ಸುಮ್ಮನೆ ಮೊಗ್ಗು ಕಟ್ಟಲು ಕೂತುಬಿಟ್ಟಳು. ಅವಳ ಕೈಗೆ ಸೂಜಿ ಒಗ್ಗಿತ್ತು, ಹೂವು ಒಗ್ಗಿರಲಿಲ್ಲ. ಮಾಲೆ ಗಾದಿಯ ಹೊಲಿಗೆಯ ಹಾಗೆ ಬಂತು. ನಾಳೆ ಅವ್ವ ಎದ್ದ ಕೂಡಲೇ ದಿಂಬನ್ನು ಅವಳ ಕೈಗೆ ಸಿಗದ ಕಡೆ ಎತ್ತಿಡು ಎಂದು ಖಾಸಿಂಬಿ ನಿಂಗವ್ವನಿಗೆ ಹೇಳಿದಳು.

ಮರಳುವಾಗ ಗಿರಣಿಯ ಗೋಡೆಯ ಪಕ್ಕ ನಡೆಯುತ್ತ ಇಮಾಂಬಿ ಹೇಳಿದಳು: "ಸಣ್ಣಾಕಿದ್ದಾಗ ನಮ್ಮವ್ವಗ ಬುತ್ತಿ ತಗೊಂಡು ಇಲ್ಲಿಗೆ ಬರತಿದ್ದೆ. ಭೋಂಗಾ ಕೂಗಿತಂದ್ರ ಸಾಕು, ಕೈಯಾಗಿಂದು ಕೈಯಾಗ ಬಿಟ್ಟು ಎಲ್ಲರೂ ಹೊರಗ ಓಡೂದು. ಅರ್ಧ ತುಂಬಿದ ಚೀಲ ಹಂಗ ಬಾಯಿ ತಕ್ಕೊಂಡು ನಿಂತಿರತಿದ್ದುವು. ನೋಡಿದ್ರ ಪಾಪ ಅನಸೂದು."

ಖಾಸಿಂಬಿ ನಿಂತುಬಿಟ್ಟಳು.

ಎಲ್ಲರಿಗೂ ಸೇರಿ ಇದ್ದದ್ದು ಒಂದೇ ಕೆರೆ, ಕೆರೆಯಲ್ಲಿ ಒಂದೇ ದೋಣಿ. ಕನಸಿನ ಹೊತ್ತು ಹಿಗ್ಗುವುದರಿಂದ ಒಂದೇ ಸಾಲುತ್ತಿತ್ತು. ಒಬ್ಬರನ್ನು ಇಳಿಸಿ ಇನ್ನೊಬ್ಬರ ಬಳಿಗೆ ಕಣ್ಣು ಮುಚ್ಚಿ ತೆರೆಯುವುದರೊಳಗೆ ಬರುತ್ತಿತ್ತು. ಆದರೆ ಕೂತವರು ಇಳಿದ ಮೇಲೆ ಮಾತ್ರ ಅದು ತಿರುಗಬೇಕು. ಭೋಂಗಾ ಕೂಗಿದಾಗ ಗೋದಾಮಿನವರಲ್ಲಿ ಒಬ್ಬರು ನಡುಗೆರೆಯಲ್ಲಿ ಇದ್ದೇ ಇರುತ್ತಾರೆ. ಅವರು ಬೆಚ್ಚಿ ಏಳುತ್ತಾರೆ, ಅಂಗಾಲು ಒದ್ದೆ ಎನ್ನುತ್ತಾರೆ, ಚಾ ಕುಡಿಯುತ್ತಾರೆ. ಅಲ್ಲಿ ದೋಣಿ, ಅವರು ಇನ್ನೂ ಕೂತಿದ್ದಾರೆಂದೇ ತಿಳಿದು, ನೀರಿನ ನಡುವೆ ನಿಂತಿರುತ್ತದೆ. ಮರುದಿನ ಎಂಟಕ್ಕೆ ಮಲ್ಲೇಶಿ ಕೆರೆ ತೊಳೆದು, ಗೌರವ್ವನ ಕನಸೂ ಅದರ ಜೊತೆ ಅಳಿಸಿ ಅವಳು ಏಳುವವರೆಗೆ.

"ಏನಾತಬೇ?" ಎಂದಳು ಇಮಾಂಬಿ.

"ಅತ್ತಿ, ನಾವು ಮುಂಜಾನೆಯಿಂದ ಭೋಂಗಾತನಕ ಅಷ್ಟ ಮಲಗೀವಿ. ಭೋಂಗಾ ಆದ ಮ್ಯಾಲೆ ಕೆರಿ ಹೆಂಗಿರತೈತಿ ಅಂತ ನಮ್ಮೊಳಗ ಒಬ್ಬರೂ ಹೋಗಿ ನೋಡಿಲ್ಲ."

*

ಬುಧವಾರ ಭೋಂಗಾ ಕೂಗಿತು. ಗೋದಾಮಿನವರು ಎದ್ದರು, ಚಾ ಕುಡಿದರು, ಒಬ್ಬನು ಅಂಗಾಲು ಒರೆಸಿಕೊಳ್ಳುತ್ತ ಮನೆಗೆ ಹೋದ. ಮಂಚಗಳೆಲ್ಲ ಖಾಲಿಯಾದ ಮೇಲೆ ಖಾಸಿಂಬಿ ಒಬ್ಬಳೇ ಮಲಗಿದಳು.

"ನಾ ಏಳದಿದ್ರ ಕೆರಿ ತೊಳಿ," ಎಂದಳು.

"ಎಷ್ಟೊತ್ತು ಕಾಯಲಿ ಅಕ್ಕಾ?" ಮಲ್ಲೇಶಿಯ ಕೈಯಲ್ಲಿ ಇವತ್ತು ಶೇಂಗಾ ಇರಲಿಲ್ಲ.

"ಬೀದಿದೀಪ ಹತ್ತೂತನಕ."

ಹೊಂಗೆಯ ದಾರಿ ಹಾಗೇ ಇತ್ತು. ಬೆಳಕು ಮಾತ್ರ ಸಂಜೆಯದು, ಹಾಲಿಗೆ ಕೇಸರಿ ಬೆರೆಸಿದಂಥದ್ದು. ಮೆಟ್ಟಿಲಿಗೆ ಬಂದು ನಿಂತಳು. ದೋಣಿ ಬರಲಿಲ್ಲ. ದೂರ, ನೀರಿನ ನಡುವೆ, ಅದು ಅಲುಗದೆ ನಿಂತಿತ್ತು. ಅದರ ನೆರಳೂ ಅಲುಗುತ್ತಿರಲಿಲ್ಲ.

ಕೂತಳು. ಕಲ್ಲು ಬೆಚ್ಚಗಿತ್ತು. ಯಾರೋ ಈಗಷ್ಟೇ ಎದ್ದುಹೋದ ಜಾಗದಂತೆ. ಕಾಯುವ ಬೇಸರ ತಿಳಿಯದಿರಲೆಂದು ಮಲ್ಲೇಶಿ ಮೆಟ್ಟಿಲ ಮೇಲೆ ನಿದ್ದೆಯನ್ನು ಆಳ ಮಾಡಿ ಇಟ್ಟಿದ್ದ. ಕ್ಷಣದ ಕಾಯುವಿಕೆಗೆಂದು ಮಾಡಿದ ಆಳ ಅದು. ಈಗ ಅದು ಸುತ್ತಲಿಂದ ಏರಿ ಬಂತು. ಆಕಾಶದಲ್ಲಿ ಮೋಡಗಳು ಹಿಂಜಿದ ಅರಳೆಯಂತೆ ಉಬ್ಬಿ ಹರಡುತ್ತಿದ್ದವು. ಯಾರು ಹಿಂಜುತ್ತಿದ್ದಾರೆ ಎಂದು ನೋಡುತ್ತ ಕೂತಳು. ಯಾಕೆ ಬಂದೆ ಎಂಬುದು ಮೆಲ್ಲಗೆ ಕೈಬಿಟ್ಟುಹೋಯಿತು.

"ಈ ತುದಿ ಒಂಚೂರು ಹಿಡಕೋ ಯವ್ವಾ."

ಪಕ್ಕದ ಮೆಟ್ಟಿಲಲ್ಲಿ ಮುದುಕಿಯೊಬ್ಬಳು ಕೂತಿದ್ದಳು. ನೀರಿನ ಮೇಲೆ ಮಲ್ಲಿಗೆ ಮೊಗ್ಗು ತೇಲಿ ತೇಲಿ ಅವಳ ಕೈಗೆ ಬರುತ್ತಿದ್ದವು, ಅವಳು ಕಟ್ಟುತ್ತಿದ್ದಳು. ಖಾಸಿಂಬಿ ದಾರದ ತುದಿ ಹಿಡಿದಳು. ಇನ್ನೊಂದು ತುದಿ ಮುದುಕಿಯ ಹೆಬ್ಬೆರಳಿಗಿತ್ತು.

"ಇಲ್ಲಿ ಹೂವು ಬಾಡೂದಿಲ್ಲ ನೋಡು," ಎಂದಳು ಮುದುಕಿ. "ಎಷ್ಟ ಕಟ್ಟಿದ್ರೂ ಬಾಡೂ ಅವಸರಿಲ್ಲ, ಮಾರೂ ಅವಸರಿಲ್ಲ. ಕುಂತು ಕಾಯೂದು ನನ್ನ ಜನ್ಮದಾಗ ಸಿಕ್ಕಿರಲಿಲ್ಲವ್ವ. ನಿಂತು ಕಾಯ್ದದ್ದ ಎಲ್ಲಾ."

"ಏಳಬೇಕು ಅನಿಸೂದಿಲ್ಲೇನ್ರಿ?"

"ಅನಸ್ತೈತಿ. ಹೊತ್ತಾತಂದ್ರ ನಮ್ಮ ನಿಂಗಿ ಕೂಗೂದು ಕೇಳಸ್ತೈತಿ. ದೂರ, ನೀರೊಳಗಿಂದ ಕೂಗಿದಂಗ. 'ಬಂದೆ' ಅಂತೀನಿ. ಆಕಿಗೆ ಕೇಳೂದಿಲ್ಲ. ಆ ದಡಕ್ಕ ಹೋದ್ರಲ್ಲ ಏಳೂದು? ದೋಣಿ ಇಲ್ಲದ ಹೆಂಗ ಹೋಗಲಿ?" ಮುದುಕಿ ಗಂಟು ಬಿಗಿದಳು. "ನಿನ್ನ ಹೆಸರೇನವ್ವ?"

ಖಾಸಿಂಬಿ ಬಾಯಿ ತೆರೆದಳು. ಹೆಸರು ಬರಲಿಲ್ಲ. ಬಾರದಿದ್ದುದಕ್ಕೆ ಹೆದರಿಕೆಯೂ ಆಗಲಿಲ್ಲ. ಅದು ಎಲ್ಲೋ ನೀರಿನ ಮೇಲೆ ತೇಲುತ್ತ ಬಂದೇ ಬರುತ್ತದೆ ಎನಿಸಿತು.

"ಇರಲಿ ಬಿಡು. ನಾ ಅವರಿಗೆ ಒಂದು ಕಾಗದ ಬರದಿದ್ದೆ, ದೋಣಿ ಸುದ್ದಿ. ಉತ್ರ ಬರಲಿಲ್ಲ."

ಕಟ್ಟಿಗೆಯ ಗೂಡು. ಅದರಲ್ಲಿ ನಿಂತ ಲಕೋಟೆ. ಅದರ ಮೇಲೆ ತನ್ನದೇ ಅಕ್ಷರ. ಖಾಸಿಂಬಿ ದಾರದ ತುದಿಯನ್ನು ಬಿಗಿಯಾಗಿ ಹಿಡಿದಳು. "ಬರತೈತ್ರಿ ಗೌರವ್ವಾರ," ಎಂದಳು. "ಬಂದ ಬರತೈತಿ."

"ಯಾರು ಕೊಡ್ತಾರ?"

"ನಾನ. ನಾ ಖಾಸಿಂಬಿ, ಇಮಾಂಬಿ ಸೊಸಿ. ನಾನ ಕೊಡ್ತೀನಿ."

ಹೇಳುತ್ತಿದ್ದಂತೆ ಕೆರೆ ಬೆಳ್ಳಗಾಯಿತು. ಮೋಡ, ಮೆಟ್ಟಿಲು, ಮೊಗ್ಗು, ಎಲ್ಲವನ್ನೂ ಯಾರೋ ಒದ್ದೆ ಬಟ್ಟೆಯಲ್ಲಿ ಒರೆಸಿದಂತೆ ಅಳಿಸುತ್ತ ಬಂದರು. ಕೊನೆಯವರೆಗೆ ಉಳಿದದ್ದು ಬೆರಳ ನಡುವಿನ ದಾರ.

*

ಕಣ್ಣು ಬಿಟ್ಟಾಗ ಮಲ್ಲೇಶಿ ಮಂಚದ ಪಕ್ಕ ನೆಲದ ಮೇಲೆ ಕುಸಿದು ಕೂತಿದ್ದ. ಬೆಲ್ಲದ ಮೇಡಂ ನಿಂತಿದ್ದರು. ಕಿಟಕಿಯಾಚೆ ಬೀದಿದೀಪ ಹತ್ತಿತ್ತು.

"ಕೂಗಿ ಕೂಗಿ ನನ್ನ ಗಂಟ್ಲಾ ಹೋತು ಅಕ್ಕಾ," ಎಂದ ಅವನು. "ಮೇಡಮ್ಮನ್ನೂ ಕರಕೊಂಡು ಬಂದೆ. ಅವರೂ ಕೂಗಿದ್ರು. ನೀವು 'ಊಂ' ಅಂತೀರಿ, ನಗತೀರಿ."

ಖಾಸಿಂಬಿ ಕಂಡದ್ದನ್ನೆಲ್ಲ ಹೇಳಿದಳು. ಮುದುಕಿಯ ಮಾತು ಬಂದಾಗ ಬೆಲ್ಲದ ಮೇಡಂ ಕೈ ಎತ್ತಿದರು. "ದೋಣಿ ನಿಂತದ್ದು ನಾ ಪರದೆ ಮ್ಯಾಲೆ ನೋಡ್ದೆ, ಒಪ್ಪತೀನಿ. ಆದರ ಗೌರವ್ವ? ಅದು ಕನಸು, ಖಾಸಿಂಬಿ."

"ನಾವು ಪರೀಕ್ಷಾ ಮಾಡೂದು ಕನಸನ್ನ ಅಲ್ಲೇನ್ರಿ ಮೇಡಂ?"

ಅಷ್ಟರಲ್ಲಿ ಖಾಸಿಂಬಿಯ ಫೋನು ಬಡಿದುಕೊಂಡಿತು. ನಿಂಗವ್ವ. ದನಿ ಅಳುತ್ತಿತ್ತೋ ನಗುತ್ತಿತ್ತೋ ತಿಳಿಯುವಂತಿರಲಿಲ್ಲ. "ಅಕ್ಕಾರ, ಅವ್ವ ಈಗ ಎದ್ಲು! ನೀವು ಹೇಳಿದಂಗ ದಿಂಬು ಅಟ್ಟದ ಮ್ಯಾಲೆ ಇಟ್ಟಿದ್ದೆ. ನಾ ನೀರಿಗೆ ಹೋದಾಗ ಏಣಿ ಹಾಕಿ ಇಳಿಸಿಕೊಂಡು ಮಲಗಿದ್ಲು, ಈ ವಯಸ್ಸಿನಾಗ. ಇವತ್ತ ಸಂಜಿಗೇ ಎದ್ದಾಳ. ಎದ್ದಾಕಿನ ಕೇಳಾಕತ್ತಾಳ, 'ದಾರದ ತುದಿ ಹಿಡಕೊಂಡಿದ್ಲಲ್ಲ ಇಮಾಂಬಿ ಸೊಸಿ, ಆಕಿ ಎಲ್ಲಿ ಹೋದ್ಲು' ಅಂತ."

ಫೋನಿನ ಮಾತು ಮೂವರಿಗೂ ಕೇಳಿಸಿತು. ಫ್ಯಾನಿನ ಗಾಳಿಗೆ ತೊಲೆಯಿಂದ ಅರಳೆಯ ಒಂದು ಎಳೆ ಬಿಡಿಸಿಕೊಂಡು, ಅವರ ನಡುವೆ ಇಳಿಯಿತು.

ಮಲ್ಲೇಶಿ ನೆಲದಿಂದ ಎದ್ದು ನಿಂತ. "ಮೇಡಂ, ರಾತ್ರಿ ಮಲಗೋ ಮನಿಯವರೆಲ್ಲಾ ಭೋಂಗಾ ಆದ ಮ್ಯಾಲೇನ ಮಲಗೂದು. ಅವರಿಗೂ ದೋಣಿ ಬಂದಿಲ್ಲ. ಬೆಳಗಿನ ತನಕ ಹೊರಳಲಿಲ್ಲ ಅಂತ ಹೊಗಳಿದ್ರಲ್ಲ, ಅವರೆಲ್ಲಾ ಮೆಟ್ಟಿಲ ಮ್ಯಾಲೆ ಕುಂತಿದ್ರು. ನಾ ಬಂದು ಕೆರಿ ತೊಳದಾಗ ಎದ್ದಾರ. ನಾಳೆಯಿಂದ ತೊಳಿಯೂದ ಇಲ್ಲ."

ದೋಣಿ ಹತ್ತಿದಿರಾ ಎಂದು ಆ ಮನೆಗಳವರನ್ನು ಯಾರೂ ಕೇಳಿರಲಿಲ್ಲ. ನಿದ್ದೆ ಬಂತೇ ಎಂದಷ್ಟೇ ಕೇಳಿದ್ದರು.

ಬೆಲ್ಲದ ಮೇಡಂ ಮಂಚದ ತುದಿಯಲ್ಲಿ ಕೂತರು. "ನಮ್ಮವ್ವನೂ ಅದರ ಮ್ಯಾಲೇ ಮಲಗತಾಳ," ಎಂದರು, ತಮಗೇ ಹೇಳಿಕೊಂಡಂತೆ. ಆಮೇಲೆ ಎದ್ದು, "ನಾಳೆ ಬಿಡುಗಡಿ ಇಲ್ಲ. ಎಲ್ಲಾ ಮನಿಗೂ ಫೋನ್ ಮಾಡ್ರಿ, ಇವತ್ತ ರಾತ್ರಿ ದಿಂಬು ಬ್ಯಾಡ ಅನ್ರಿ. ಮ್ಯಾಲಿನವರಿಗೆ ನಾ ಹೇಳ್ತೀನಿ. ಬೈದ್ರ ಬೈಯಲಿ," ಎಂದು ಸೆರಗು ಬಿಗಿದುಕೊಂಡು ಹೋದರು. ಹೋಗುತ್ತ ನಡುವೆ ನಿಂತು ತಿರುಗಿದರು. "ನಮ್ಮವ್ವಗ ಮೊದಲ ಮಾಡ್ರಿ."

*

ತಿದ್ದಲು ಹೆಚ್ಚು ದಿನ ಹಿಡಿಯಲಿಲ್ಲ. ಕೂತವರು ಇಳಿದು ಹೋಗಲಿ, ಬೆಚ್ಚಿ ಎದ್ದು ಮಾಯವಾಗಲಿ, ದೋಣಿ ತಾನು ಖಾಲಿಯಾದದ್ದನ್ನು ತಾನೇ ತಿಳಿದು ಮೆಟ್ಟಿಲಿಗೆ ಮರಳಬೇಕು. ಮಲ್ಲೇಶಿ ಹಾಗೆ ಬರೆದ. ಮೆಟ್ಟಿಲ ಮೇಲಿನ ನಿದ್ದೆಯ ಆಳವನ್ನೂ ತಗ್ಗಿಸಿದ. ಭೋಂಗಾ ನಿಲ್ಲಿಸೋಣವೇ ಎಂದು ಕೆಲವರು ಕೇಳಿದರು. ಊರಿನ ಗಡಿಯಾರ ಊರಿಗೇ ಇರಲಿ ಎಂದರು ಬೆಲ್ಲದ ಮೇಡಂ. ಭೋಂಗಾ ಉಳಿಯಿತು, ಕೆರೆ ಬದಲಾಯಿತು.

ಖಾಸಿಂಬಿ ಒಂದು ಕೋರಿಕೆ ಬರೆದು ಅವನ ಮುಂದಿಟ್ಟಳು.

"ಇದು ತಪ್ಪಲ್ಲ ಅಕ್ಕಾ," ಎಂದ ಮಲ್ಲೇಶಿ, ಓದಿ. "ಹಿಂಗ ಯಾರೂ ಕೇಳಿಲ್ಲ."

"ಒಬ್ಬಾಕಿ ಕೇಳ್ಯಾಳ. ಬಾಯಿಬಿಟ್ಟ ಕೇಳಿಲ್ಲ ಅಷ್ಟ."

ಅವನು ತಲೆ ಕೆರೆದುಕೊಂಡ. ಆಮೇಲೆ ಶೇಂಗಾದ ಪೊಟ್ಟಣ ಪಕ್ಕಕ್ಕಿಟ್ಟು ಬರೆಯತೊಡಗಿದ.

ಭೋಂಗಾ ಆದ ಮೇಲೆ ಮಲಗಿ ನೋಡಿದರು, ಒಂದು ದಿನವಲ್ಲ, ಹಲವು ದಿನ. ಕೆರೆ ತೊಳೆಯದೆಯೇ ಮಲಗಿದರು. ದೋಣಿ ಪ್ರತಿ ಸಲವೂ ಬಂತು. ಯಾರ ಅಂಗಾಲೂ ಒದ್ದೆಯಾಗಲಿಲ್ಲ.

ಆಗ ಖಾಸಿಂಬಿ ತಕರಾರುಗಳ ಪರದೆ ತೆರೆದಳು. ಒಂದರ ಬೆನ್ನಿಗೊಂದು ಅಡಗಿದ್ದ ಮೂರರಲ್ಲಿ ಗೌರವ್ವನದರ ಮೇಲಿನ 'ಇದೂ ಅದೇ' ಎಂಬ ಗುರುತನ್ನು ಅಳಿಸಿ, ಅದನ್ನೇ ಮೂಲವೆಂದು ಬರೆದಳು. ಸುತ್ತು ಬಿಚ್ಚಿಕೊಂಡಿತು. ಉಳಿದೆರಡೂ ತಾವಾಗಿ ಅದರ ಹಿಂದೆ ಹೋಗಿ ನಿಂತವು. 'ಮುಗಿಯಿತು' ಎಂದು ಒತ್ತಿದಾಗ ಯಂತ್ರ ತನ್ನ ವಾಡಿಕೆಯ ಉತ್ತರವನ್ನು ಅಚ್ಚು ಹಾಕಿ ಹೊರಗೆ ಚಾಚಿತು: 'ಮಾನ್ಯರೇ, ತಾವು ತಿಳಿಸಿದ ದೋಷವನ್ನು ಸರಿಪಡಿಸಲಾಗಿದೆ.'

ಅದರ ಕೆಳಗೆ ಬಹಳ ಜಾಗವಿತ್ತು. ಖಾಸಿಂಬಿ ಪೆನ್ನು ತೆಗೆದುಕೊಂಡಳು.

'ಗೌರವ್ವನವರಿಗೆ ಖಾಸಿಂಬಿಯ ಶರಣು. ಉತ್ತರ ತಡವಾಯಿತು. ದೋಣಿ ರಿಪೇರಿಯಾಗಿ ಬಂದಿದೆ, ಮೆಟ್ಟಿಲಿಗೇ ಕಟ್ಟಿರುತ್ತದೆ. ಆದರೆ ಬಂದ ಕೂಡಲೇ ಹತ್ತಬೇಕೆಂದೇನೂ ಇಲ್ಲ. ನಿಮಗೆ ಸಾಕೆನಿಸುವವರೆಗೆ ಕೂತಿರಿ, ಮೊಗ್ಗು ಮೊದಲಿನಂತೆಯೇ ತೇಲಿ ಬರುತ್ತವೆ. ನಿಂಗವ್ವ ಕೂಗಿದರೆ ಹತ್ತಿರದಿಂದಲೇ ಕೇಳಿಸುತ್ತದೆ. ನೀವು ಬಂದೆ ಎಂದದ್ದು ಅವಳಿಗೂ ಕೇಳಿಸುತ್ತದೆ. ಇನ್ನು ಮೇಲೆ ಕಾಯುವುದು ದೋಣಿಯ ಕೆಲಸ.'

ಗೂಡಿನಿಂದ ಲಕೋಟೆ ತೆಗೆದು ಧೂಳು ಕೊಡವಿದಳು. ನಿಂತು ನಿಂತು ಅದರ ಒಂದು ಮೂಲೆ ಬಾಗಿತ್ತು. ಕಾಗದ ಮಡಚಿ ಒಳಗಿಟ್ಟು, ಅಂಟು ಸವರಿ ಒತ್ತಿದಳು.

"ಮನೀಗೆ ಹೋಗೋ ದಾರ್ಯಾಗ ಅವರ ಮನಿ ಐತಿ," ಎಂದ ಮಲ್ಲೇಶಿ. "ಕೈಯಾಗ ಕೊಟ್ಟು ಹೋಗ್ರಲ್ಲ?"

"ಆಕಿ ಅಂಚಿಯೊಳಗ ಬರದಾಳ. ಅಂಚಿಯವನ ದಾರಿ ನೋಡಾಕತ್ತಾಳ."

ಗಿರಣಿಯ ಮುಂದಿನ ಬೇವಿನ ಮರದ ಬುಡದಲ್ಲಿ ಕೆಂಪು ಡಬ್ಬಿ ಇತ್ತು. ಅಂದು ಗುರುವಾರ. ಬೀದಿಯ ಆ ತುದಿಯಲ್ಲಿ ಇಮಾಂಬಿ ಬುಟ್ಟಿ ಹಿಡಿದು ದರ್ಗಾದ ಕಡೆ ನಡೆದಿದ್ದಳು. ಬುಟ್ಟಿಯ ಮೇಲೆ ಹೊದಿಸಿದ ಬಾಳೆಯೆಲೆಯ ಅಂಚಿನಿಂದ ಗೌರವ್ವ ಕಟ್ಟಿದ ಬಿಳಿಯ ಚಾದರ ಇಣುಕುತ್ತಿತ್ತು. ಭೋಂಗಾ ಕೂಗಿ ಸುಮಾರು ಹೊತ್ತಾಗಿತ್ತು. ಖಾಸಿಂಬಿ ಲಕೋಟೆಯನ್ನು ಡಬ್ಬಿಯ ಬಾಯಿಗೆ ಹಿಡಿದು, ಬಾಗಿದ ಮೂಲೆಯನ್ನು ಹೆಬ್ಬೆರಳಲ್ಲಿ ಒಮ್ಮೆ ನೇರ ಮಾಡಿ, ಕೈಬಿಟ್ಟಳು. ಅದು ತಳ ಮುಟ್ಟಿದ ಸದ್ದು, ದೋಣಿ ಕಲ್ಲಿಗೆ ಬಂದು ತಾಗಿದಷ್ಟೇ ಮೆತ್ತಗೆ ಕೇಳಿಸಿತು.